ಅಕ್ಕ ಹೇಳಿದ ಬಾಡಿಗೆ

"ಸಂಬಳ ಇಲ್ಲಿಗಿಂತ ಅಲ್ಲಿ ಜಾಸ್ತಿ, ಅದು ಗೊತ್ತು. ಖರ್ಚು ಹೇಳಕ್ಕಾ," ಎಂದ ತಮ್ಮ ಫೋನಿನಲ್ಲಿ. "ನಮ್ಮೂರು, ನಿನ್ನೂರು, ಎರಡೂ ಕಡೆ ಆಸ್ಪತ್ರೆಯಿಂದ ಕೆಲಸಕ್ಕೆ ಕರೆದಿದ್ದಾರೆ. ಸಂಜೆಯೊಳಗೆ ಒಂದಕ್ಕೆ ಹೂಂ ಅನ್ಬೇಕು. ಮೊದ್ಲು ಬಾಡಿಗೆ ಹೇಳು."

ಅಕ್ಕ ಮಂಚದ ಮೇಲೆ ಕೂತಿದ್ದಳು. ಕೋಣೆಯಲ್ಲಿ ಕುರ್ಚಿ ಹಾಕಲು ಜಾಗವಿರಲಿಲ್ಲ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರಾಗಿ ಅವಳಿಗೆ ಇದು ಎರಡನೇ ವರ್ಷ. ತಮ್ಮ ಈಗಷ್ಟೇ ಡಾಕ್ಟರಿಕೆ ಓದು ಮುಗಿಸಿ ಅಪ್ಪ ಅಮ್ಮನ ಜೊತೆ ಇದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತಾರಲ್ಲ, ಈ ಕೋಣೆಯಲ್ಲಿ ಅದಕ್ಕಿಂತ ಹೆಚ್ಚು ಚಾಚಿದರೆ ಗೋಡೆಗೇ ತಗಲುತ್ತಿತ್ತು. ಇಷ್ಟು ಜಾಗದ ಬಾಡಿಗೆಗೆ ಸಂಬಳದ ಅರ್ಧಕ್ಕಿಂತ ಹೆಚ್ಚು ಹೋಗುತ್ತಿತ್ತು. ಉಳಿದದ್ದರಲ್ಲಿ ಓದಿಗೆ ಮಾಡಿದ ಸಾಲದ ಕಂತು, ಬಸ್ಸು, ಅನ್ನ, ಮೊಟ್ಟೆ. ತಿಂಗಳ ಕೊನೆಗೆ ಮೊಟ್ಟೆಯೂ ಇಲ್ಲ.

"ಸಂಬಳದಲ್ಲಿ ಕಾಲು ಭಾಗವೂ ಹೋಗಲ್ಲ ಕಣೋ," ಎಂದಳು.

ಕಿರಿಯ ಡಾಕ್ಟರುಗಳು ಪುಸ್ತಕ ಓದದೆ ಕಲಿಯುವ ವಿದ್ಯೆಯೊಂದಿದೆ. ಬೆಳಗಿನ ರೌಂಡ್ಸಿಗೆ ಬಂದ ಹಿರಿಯ ಡಾಕ್ಟರು "ಈ ರೋಗಿಯ ಬಿ.ಪಿ. ಎಷ್ಟಿತ್ತು?" ಎಂದು ಕೇಳಿದರೆ, ನೋಡಿರಲಿ ಬಿಡಲಿ, ಥಟ್ಟನೆ ಒಂದು ಸಂಖ್ಯೆ ಹೇಳಿಬಿಡಬೇಕು. ಕಣ್ಣು ಪಿಳುಕಿಸಿದರೆ ಕೆಟ್ಟಿತು. ಅವಳಿಗೆ ಈ ವಿದ್ಯೆ ಎಂದೂ ಒಲಿದಿರಲಿಲ್ಲ. ಗೊತ್ತಿಲ್ಲ ಎಂದು ನಿಜ ಹೇಳಿ ಎಲ್ಲರೆದುರು ಬೈಸಿಕೊಳ್ಳುವುದೇ ಅವಳ ಪಾಡು. ಇವತ್ತು ಹೇಗೋ ಒಲಿದುಬಿಟ್ಟಿತು.

"ಅಷ್ಟು ಅಗ್ಗಾನಾ? ಗಾಳಿ ಬೆಳಕು ಇದೆಯಾ?"

"ಧಾರಾಳವಾಗಿದೆ." ಕಿಟಕಿಯಾಚೆ ಒಂದು ಮೊಳ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ ಇತ್ತು.

"ಕ್ಯಾಮೆರಾ ಹಾಕು, ನೋಡೋಣ."

"ನೆಟ್ ಸರಿಯಿಲ್ಲ ಗುಂಡ."

"ಊಟ? ಬಸ್ಸು?"

"ಊಟ ಆಸ್ಪತ್ರೆಯಲ್ಲೇ ಬಿಟ್ಟಿ. ನಡ್ಕೊಂಡೇ ಹೋಗ್ಬಹುದು, ಬಸ್ಸೇ ಬೇಡ." ಅವಳಿಗೆ ನಗು ಬಂತು. ನಿಜದ ತಲೆ ಮೇಲೆ ಹೊಡೆದ ಹಾಗೆ ಸುಳ್ಳು ಹೇಳ್ತೀಯ ಎಂದು ಅಮ್ಮ ಬೈಯುತ್ತಿದ್ದುದು ಗುಂಡನನ್ನು, ಇವಳನ್ನಲ್ಲ.

ಅವಳಿಗೆ ಅವನು ಬೇಕಾಗಿತ್ತು, ಅಷ್ಟೇ. ವಾರ್ಡಿನಲ್ಲಿ ಕಂಡಕಂಡವರಿಗೆಲ್ಲ ಊಟ ಸೇರಿತಾ, ನಿದ್ದೆ ಬಂತಾ ಎಂದು ಕೇಳುವವಳು ಅವಳು. ಅವಳನ್ನು ಕೇಳುವವರು ಈ ಊರಲ್ಲಿ ಒಬ್ಬರೂ ಇಲ್ಲ. ರಜೆಯ ದಿನ ಇಡೀ ಹಗಲು ಬಾಯಿ ತೆರೆಯದೆ ಕಳೆದು, ಸಂಜೆ ಅಂಗಡಿಯವನ ಹತ್ತಿರ ಬ್ರೆಡ್ಡು ಕೇಳುವಾಗ ಗಂಟಲು ಕಟ್ಟಿಕೊಂಡಿರುತ್ತಿತ್ತು. ಗುಂಡ ಬಂದರೆ ಇನ್ನೊಂದು ಮಂಚ ಹಿಡಿಯುವ ಕೋಣೆ ನೋಡಬಹುದು, ಬಾಡಿಗೆ ಹಂಚಿಕೊಳ್ಳಬಹುದು. ಒದ್ದೆ ಟವೆಲು ಹಾಸಿಗೆ ಮೇಲೆ ಎಸೆಯುತ್ತಾನೆ, ಮೊಟ್ಟೆ ಎಲ್ಲ ಅವನೇ ತಿಂದು ಖಾಲಿ ಮಾಡುತ್ತಾನೆ. ಮಾಡಲಿ. ಬಾಯ್ತುಂಬ ಬೈಯುವುದಕ್ಕಾದರೂ ಒಬ್ಬ ಇರುತ್ತಾನೆ. ಬಂದ ಮೇಲೆ ನಿಜ ತಿಳಿದು ಜಗಳ ಆಡಿದರೆ ಆಡಲಿ.

"ಹಾಗಾದ್ರೆ ಕೈತುಂಬ ಉಳಿಸ್ತಿದ್ದೀಯ ಅನ್ನು."

"ಮತ್ತೇನು! ತಿಂಗಳು ತಿಂಗಳೂ ಅರ್ಧ ಸಂಬಳ ಹಾಗೇ ಇರುತ್ತೆ. ನೀನು ಸುಮ್ನೆ ಹೊರಟು ಬಾ."

  

"ಅಕ್ಕಾ, ಮತ್ತೆ ಅಪ್ಪನ ಕಣ್ಣಿನ ಆಪರೇಷನ್‌ಗೆ ಯಾಕೆ ಬರ್ಲಿಲ್ಲ?"

ಆಗ ಟಿಕೆಟ್ಟಿಗೆ ದುಡ್ಡಿಲ್ಲ ಎಂದು ಹೇಳಿದ್ದಳು. ಅದು ನಿಜವಾಗಿತ್ತು. ಜೊತೆಯ ಡಾಕ್ಟರುಗಳ ಹತ್ತಿರ ಸಾಲ ಕೇಳಿದ್ದಳು. ಅವರದೂ ಇದೇ ಗತಿ.

"ಪಕ್ಕದ ಬೆಡ್‌ನವರಿಗೆಲ್ಲ ಅಪ್ಪ ಹೇಳ್ತಿದ್ರು," ತಮ್ಮನ ದನಿ ತಗ್ಗಿತು. "ನನ್ನ ಮಗಳೂ ಡಾಕ್ಟ್ರು, ಆದ್ರೆ ಆ ಊರಲ್ಲಿ ಸಂಬಳ ಯಾತಕ್ಕೂ ಸಾಲಲ್ಲ, ಪಾಪ, ಬರೋಕೆ ಒದ್ದಾಡ್ತಿದ್ದಾಳೆ ಅಂತ. ಪಟ್ಟಿ ಬಿಚ್ಚಿದ ಕೂಡ್ಲೆ ಮೊದ್ಲು ಬಾಗ್ಲ ಕಡೆ ನೋಡಿದ್ರು ಅಕ್ಕಾ. ಆದ್ರೂ ಬಂದಿರ್ತಾಳೇನೋ ಅಂತ."

ಅವಳು ಎದ್ದು ನಿಂತಳು. ಓಡಾಡಲು ಜಾಗವಿಲ್ಲದೆ ಮತ್ತೆ ಕೂತಳು.

"ಗುಂಡ, ಇಲ್ಲಿ ಕೇಳು. ನಾನು ಇಷ್ಟೊತ್ತು ಹೇಳಿದ್ದೆಲ್ಲ ಸುಳ್ಳು. ಬಾಡಿಗೆಗೇ ಸಂಬಳದ ಅರ್ಧಕ್ಕಿಂತ ಜಾಸ್ತಿ ಹೋಗುತ್ತೆ. ಊಟ ಬಿಟ್ಟಿ ಅಲ್ಲ. ಏನೂ ಉಳಿಯಲ್ಲ. ನೀನು ಬರ್ಲಿ ಅಂತ ಹಾಗೆ ಹೇಳ್ದೆ. ಇಲ್ಲಿ ನಂಗೆ ಯಾರೂ ಇಲ್ಲ ಕಣೋ." ಕೊನೆಯ ಮಾತು ಹೇಳುವಾಗ ಅಳುತ್ತಿದ್ದಳು.

"ಅಳ್ಬೇಡ ಬಿಡಕ್ಕಾ," ಎಂದ ತಮ್ಮ. ಅವನಿಗೆ ಸಿಟ್ಟು ಇರಲಿಲ್ಲ. ರೋಗಿಯನ್ನು ಸಮಾಧಾನ ಮಾಡುವ ಹಾಗೆ ಮೆತ್ತಗೆ ಮಾತಾಡಿದ. "ನಾನು ಇಲ್ಲೇ ಸೇರ್ಕೋತೀನಿ. ಅಪ್ಪ ಕೇಳಿದ್ರೆ ನೀನು ಈಗ ಹೇಳಿದ್ಯಲ್ಲ, ಅದನ್ನೇ ಹೇಳ್ತೀನಿ. ಅರ್ಧ ಸಂಬಳ ಬಾಡಿಗೆಗೇ ಹೋಗುತ್ತಂತೆ ಅಂತ. ದುಡ್ಡಿದ್ದೂ ನೀನು ಬರ್ಲಿಲ್ಲ ಅನ್ನೋ ನಿಜ ಗೊತ್ತಾದ್ರೆ ಅವರು ತಡ್ಕೊಳ್ಳಲ್ಲ."