ಒಪ್ಪಿಗೆ ಪತ್ರ

"ಆ ಫೈಲು ಗೆದ್ದಲು ತಿಂದುಹೋಯ್ತು ಮೇಡಂ," ಎಂದ ಸಂಜೀವಪ್ಪ. ಹೇಳುತ್ತಲೇ ಕಪಾಟಿಗೆ ಬೆನ್ನು ಕೊಟ್ಟು ನಿಂತ.

ವಕೀಲೆ ವಿಮಲಾಕ್ಷಿ ಅಂಗವಿಕಲರ ಆಯುಕ್ತರ ಆದೇಶವನ್ನು ಮೇಜಿನ ಮೇಲಿಟ್ಟಳು. "ಗೆದ್ದಲು ಬಿಟ್ಟಿದ್ದನ್ನೇ ಕೊಡಿ. ನಾಳೆ ಹನ್ನೊಂದಕ್ಕೆ ವಿಚಾರಣೆ."

ಜೋಗುಪಾಳ್ಯದ ಇಕ್ಕಟ್ಟು ಗಲ್ಲಿಯ ಆ ಆಶ್ರಯಧಾಮದಲ್ಲಿ ಬುದ್ಧಿಮಾಂದ್ಯರಾದ ಇಪ್ಪತ್ತಮೂರು ಜನರಿದ್ದರು. ಸಂಜೀವಪ್ಪ ಅದರ ಮ್ಯಾನೇಜರು. ಎರಡನೇ ಮಹಡಿಯ ಮೂಲೆಯ ಮಂಚದಲ್ಲಿ ಅಮರಪ್ಪ. ಅವನ ಎಡಗಾಲಿಗೆ ನೈಲಾನ್ ಹಗ್ಗ, ಹಗ್ಗದ ಇನ್ನೊಂದು ತುದಿ ಮಂಚಕ್ಕೆ. ೧೯೯೧ರಲ್ಲಿ ಕಟ್ಟಿದ್ದು, ೨೦೦೩ ಬಂದರೂ ಬಿಚ್ಚಿರಲಿಲ್ಲ. ಕಣಕಾಲಿನ ಸುತ್ತ ಚರ್ಮ ಕಪ್ಪಗೆ ಗಡುಸಾಗಿತ್ತು.

ಅಡುಗೆಯ ಯಂಕಮ್ಮ ಧೈರ್ಯ ಮಾಡಿ ವಕೀಲರ ಕಚೇರಿಯ ಮೆಟ್ಟಿಲು ಹತ್ತದಿದ್ದರೆ ಇದು ಹೊರಗೆ ತಿಳಿಯುತ್ತಲೇ ಇರಲಿಲ್ಲ. ಅವಳು ಅಮರಪ್ಪನ ಹೆಸರು ಹೇಳಿ ಮುಗಿಸುವ ಮೊದಲೇ ವಿಮಲಾಕ್ಷಿ ಕೇಸು ಹಿಡಿದಿದ್ದಳು. ವಕಾಲತ್ತು ಮಾತ್ರ ಜೂನಿಯರ್ ಅಸ್ಗರ್ ಹೆಸರಿನಲ್ಲಿ ಹಾಕಿಸಿದ್ದಳು.

"ಯಾರ್ನ ನೋಡಿದ್ರೂ ನಗ್ತಾನ್ರೀ," ಎಂದು ಯಂಕಮ್ಮ ಈಗಷ್ಟೇ ಮೆಟ್ಟಿಲ ಬಳಿ ಪಿಸುಗುಟ್ಟಿದ್ದಳು. "ನಿಮ್ಮನ್ನ ನೋಡಿದ್ರ ಮಾತ್ರ ಗ್ವಾಡಿ ಕಡೆ ಹೊಳ್ಳತಾನ."

"ಕರೀ ಕೋಟು ಕಂಡು ಹೆದರಿರಬೇಕು," ಎಂದು ವಿಮಲಾಕ್ಷಿ ಸರಸರ ಇಳಿದುಬಂದಿದ್ದಳು.

ಸಂಜೀವಪ್ಪನದು ಒಂದೇ ವಾದ. ಕಾಲಿಗೆ ಕಟ್ಟಲು ಮನೆಯವರೇ ಬರೆದುಕೊಟ್ಟಿದ್ದಾರೆ. ವಿಮಲಾಕ್ಷಿಗೆ ಬೇಕಾದದ್ದೂ ಆ ಪತ್ರವೇ. ಸೇರಿಸಿದಾಗ ಅಮರಪ್ಪನಿಗೆ ಇಪ್ಪತ್ತು ವರ್ಷ. ಹದಿನೆಂಟು ದಾಟಿದವನನ್ನು ಕಟ್ಟಿಹಾಕಿ ಎಂದು ಸಹಿ ಮಾಡಲು ಒಡಹುಟ್ಟಿದವರಿಗೂ ಹಕ್ಕಿಲ್ಲ. ಹಾಗೆ ಕಟ್ಟಿಹಾಕಿದ್ದ ಇಪ್ಪತ್ತಮೂರು ಜನರದ್ದೂ ಒಂದೇ ಅಚ್ಚಿನ ಪತ್ರ. ಒಂದು ಬಿದ್ದರೆ ಎಲ್ಲವೂ ಬಿದ್ದಂತೆ.

ಅಸ್ಗರ್ ಆಟೋ ಕರೆಯಲು ಹೊರಗೆ ಹೋದ. ಸಂಜೀವಪ್ಪ ದನಿ ತಗ್ಗಿಸಿದ.

"ಆ ಪತ್ರ ನಾನು ನಿನ್ನೆ ತೆಗೆದು ಓದ್ದೆ. ಸಹಿ ಮಾಡಿದೋರು ಈಗ ದೊಡ್ಡ ಮನುಷ್ಯರು. ಕೋರ್ಟು ಕಚೇರೀಲೆಲ್ಲ ಗುರುತಿದೆ. ಹೆಸರು ಹೊರಗೆ ಬಂದ್ರೆ ನಿಮ್ಮ ವಕೀಲಿಕೆ ಅಲ್ಲಿಗೆ ಮುಗೀತು."

ವಿಮಲಾಕ್ಷಿ ಆದೇಶವನ್ನು ಅವನತ್ತ ಸರಿಸಿದಳು.

"ಹಗ್ಗ ತಾನೇ? ಇವತ್ತೇ ಬಿಚ್ತೀನಿ. ಕೇಸು ಬಿಟ್ಬಿಡಿ."

"ಉಳಿದ ಇಪ್ಪತ್ತೆರಡು ಜನ?"

ಅವನು ಆದೇಶವನ್ನು ಮಗುಚಿಟ್ಟ.

"ಕಪಾಟು ತೆಗೀರಿ," ಎಂದಳು. ಅವನು ತೆಗೆದುಕೊಟ್ಟ ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದಳು.

ಆಟೋ ಹಲಸೂರು ಕೆರೆಯ ಪಕ್ಕ ಹೋಗುವಾಗ ಅಸ್ಗರ್ ಲಕೋಟೆಯತ್ತ ಕೈ ಚಾಚಿದ. ವಿಮಲಾಕ್ಷಿ ಅದನ್ನು ಎದೆಗೆ ಒತ್ತಿಕೊಂಡಳು. "ನಾಳೆ ಆಯುಕ್ತರೇ ಬಿಚ್ಚಲಿ."

"ಅಷ್ಟು ದೊಡ್ಡೋರಾ ಮೇಡಂ? ವಾಪಸ್ ಬಾಗಿಲಿಗೆ ಬಂದಾಗ ಸಂಜೀವಪ್ಪ ಹೆದರಿಸ್ತಿದ್ದಿದ್ದು ಕೇಳಿಸ್ತು. ನಿಮಗೆ ಭಯ ಇಲ್ವಾ?"

"ಇದೆ ಅಸ್ಗರ್. ನಾಳೆ ಯಾರ ಹೆಸರೇ ಬರಲಿ, ನೀನು ಮಾತ್ರ ಬಿಡಬೇಡ. ಮಾತು ಕೊಡು."

ಅವನು ಮಾತು ಕೊಟ್ಟ.

ಮರುದಿನ ಆಯುಕ್ತೆ ಲಕೋಟೆ ಒಡೆದರು. ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿದರು. ಅಸ್ಗರ್ ಕಾನೂನು ಬಿಡಿಸಿ ಹೇಳಿದ. ಮೊದಲು ತೊದಲಿದ, ಆಮೇಲೆ ತಡವರಿಸಲಿಲ್ಲ. ಸಂಜೀವಪ್ಪನ ವಕೀಲರು ಮತ್ತೆ ಮತ್ತೆ ನೀರು ಕುಡಿದರು.

ಆದೇಶ ಅರ್ಧ ಗಂಟೆಯಲ್ಲಿ ಹೊರಬಿತ್ತು. ಈ ಸಂಜೆಯೊಳಗೆ ಪ್ರತಿಯೊಬ್ಬರ ಹಗ್ಗ ಬಿಚ್ಚಬೇಕು. ಎಲ್ಲ ಪತ್ರಗಳೂ ರದ್ದು. ಸಂಜೀವಪ್ಪ ಇನ್ನು ಆ ಮೆಟ್ಟಿಲು ತುಳಿಯುವಂತಿಲ್ಲ. ಗೋಡೆಗೊರಗಿ ನಿಂತಿದ್ದ ಯಂಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ನೊಂದಿದೆ," ಎಂದರು ಆಯುಕ್ತೆ. "ಕಟ್ಟಿಹಾಕಿ ಅಂತ ಸಹಿ ಮಾಡಿ, ಹನ್ನೆರಡು ವರ್ಷ ಈ ಕಡೆ ತಲೆ ಹಾಕದೋರು ತಪ್ಪಿಸಿಕೊಳ್ಳೋ ಹಾಗಿಲ್ಲ. ಅವರಿಗೂ ನೋಟಿಸ್ ಹೋಗಲಿ. ಇಲ್ಲಿ ಅಕ್ಕ ಅಂತಿದೆ. ವಿಳಾಸ ಗೊತ್ತಾ ನಿಮಗೆ?"

ಅಸ್ಗರ್ ಪತ್ರದತ್ತ ಬಾಗಿದ. ಸಹಿ ನೋಡಿದವನು ತಲೆ ಎತ್ತಲೇ ಇಲ್ಲ.

"ನೋಟಿಸ್ ಇಲ್ಲೇ ಕೊಡಿ ಮೇಡಂ," ಎನ್ನುತ್ತ ವಿಮಲಾಕ್ಷಿ ಅವನ ಪಕ್ಕದಿಂದ ಎದ್ದು ಹೋಗಿ ಸಂಜೀವಪ್ಪನ ಪಕ್ಕ ನಿಂತಳು. "ಅಮರಪ್ಪನ ಅಕ್ಕ ನಾನೇ."