ನಾರಿನ ಚೀಲ

ಮಗಳು ರಿಷಿಕಾ ಅರೋಹಾಳ ಜೊತೆ ದೂರದ ನಲ್ಲಿಯ ಬಳಿ ಕಾಲು ನೆನೆಸಲು ಹೋದ ಕೂಡಲೇ, ಅರುಂಧತಿ ಬಕೆಟ್ಟಿನಲ್ಲಿ ಮುಳುಗಿದ್ದ ನಾರಿನ ಚೀಲವನ್ನು ಮೇಲಕ್ಕೆತ್ತಿ ನಲ್ಲಿಯ ಹಿಡಿಕೆಗೆ ಸಿಕ್ಕಿಸಿಬಿಟ್ಟಳು. ಒಳಗಿದ್ದ ಮೊಟ್ಟೆಗಳು ಗಾಳಿಯಲ್ಲಿ ತೂಗಾಡಿದವು. ಯಿಶುನ್‌ನ ಬಿಸಿನೀರ ಬುಗ್ಗೆಯ ಪಾರ್ಕಿನಲ್ಲಿದ್ದ ಆ ನಲ್ಲಿ ಮಾತ್ರ ಬಕೆಟ್ಟಿಗೆ ಸುಡುನೀರು ಸುರಿಯುತ್ತಲೇ ಇತ್ತು.

ಅರೋಹಾ ಮೇಲಿನ ಫ್ಲ್ಯಾಟಿನ ಮಾವೊರಿ ಬುಡಕಟ್ಟಿನ ಹೆಂಗಸು. ಅರುಂಧತಿ ಆಫೀಸಿನಿಂದ ಬರುವ ತನಕ ರಿಷಿಕಾ ಇರುವುದು ಅವಳ ಮನೆಯಲ್ಲೇ. ಮಗಳ ಬಾಯಲ್ಲಿ ಈಗ ಅವಳದೇ ಜಪ. "ಅಮ್ಮಾ, ಆಂಟಿ ಊರಲ್ಲಿ ಸ್ಟವ್ವೇ ಬೇಡ್ವಂತೆ. ಬುಗ್ಗೇಲಿ ಚೀಲ ಇಳಿಬಿಟ್ರೆ ಅಡುಗೆ ರೆಡಿ. ನಿಂಗೆ ಹಾಗೆ ಬರುತ್ತಾ?" ಈ ಚೀಲವನ್ನೂ ಅವರಿಬ್ಬರೇ ಕೂತು ಹೆಣೆದಿದ್ದರು.

ಅವರು ವಾಪಸ್ ಬರುವುದು ಕಂಡಾಗ ಅರುಂಧತಿ ಚೀಲವನ್ನು ಮತ್ತೆ ನೀರಿಗೆ ಬಿಟ್ಟಳು. ಮನೆಯಲ್ಲಿ ಮೊಟ್ಟೆಯ ಹಳದಿ ಚೂರು ಮೆತ್ತಗಿದ್ದರೂ ತಟ್ಟೆ ತಳ್ಳುವ ಹುಡುಗಿ, ಅರೋಹಾಳ ಅಡುಗೆಗೂ ಮುಖ ಸಿಂಡರಿಸುವುದನ್ನು ಅವಳು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ಅರೋಹಾ ಮೊದಲ ಮೊಟ್ಟೆಯನ್ನು ರಿಷಿಕಾಳ ಬಟ್ಟಲಿಗೆ ಒಡೆದಳು. ಬಿಳಿಯೆಲ್ಲ ಹಸಿ ಲೋಳೆಯಾಗಿ ಜಾರಿ ಬಿತ್ತು. ಅರೋಹಾಳ ಮುಖ ಸಣ್ಣದಾಯಿತು. "ನಮ್ಮಜ್ಜಿ ನೋಡಿದ್ದರೆ ನಗುತ್ತಿದ್ದಳು," ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ ಬಟ್ಟಲಿಗೆ ಕೈ ಚಾಚಿದಳು.

ರಿಷಿಕಾ ಬಟ್ಟಲು ಬಿಡಲಿಲ್ಲ. ಅರೋಹಾಳ ಮುಖವನ್ನೇ ಒಂದು ಕ್ಷಣ ನೋಡಿ, ಕಣ್ಣು ಮುಚ್ಚಿ, ಅಷ್ಟನ್ನೂ ನುಂಗಿದಳು. ಬೆರಳನ್ನೂ ನೆಕ್ಕಿದಳು.

"ಸೂಪರ್ ಲಾ, ಆಂಟಿ," ಎಂದು ಇಲ್ಲಿನವರ ಧಾಟಿಯಲ್ಲೇ ಹೇಳಿ ಖಾಲಿ ಬಟ್ಟಲನ್ನು ಮತ್ತೆ ಮುಂದೆ ಹಿಡಿದಳು.