ಗ್ಯಾಸ್ ಕಂಪನಿಯ ಬೀಗಿತ್ತಿ

"ಕೈಯೆಲ್ಲ ಮೆಣಸಿನಪುಡಿ, ಬಾಗಿಲು ತೆಗೆಯೋಕಾಗಲ್ಲ! ಕಿಮ್ಚಿ ಉಪ್ಪಿನಕಾಯಿ ಹಾಕ್ತಿರೋ ವಾಸನೆ ಬಡೀತಿಲ್ವಾ ನಿಮಗೆ?" ಮುಚ್ಚಿದ ಬಾಗಿಲ ಹಿಂದಿನಿಂದ ಹೆಂಗಸೊಬ್ಬಳು ಗದರಿದಳು.

"ಗ್ಯಾಸ್ ತಪಾಸಣೆ ಅಮ್ಮಾ. ಬಾಯ್ಲರಿನ ಹೊಗೆ ಕೊಳವೆ ಒಂದು ನೋಡಿ ಹೋಗ್ಬಿಡ್ತೀನಿ," ಎಂದಳು ಸುನಿಮ್, ಸೋರಿಕೆ ಪತ್ತೆಹಚ್ಚುವ ಕೋಲನ್ನು ಕೈ ಬದಲಿಸುತ್ತ. ಸಿಯೋಲ್ ನಗರದ ಆ ಗುಡ್ಡದ ಮೇಲೆ, ಅದೇ ಮೆಟ್ಟಿಲು ಹತ್ತಿ ಅದೇ ಬಾಗಿಲ ಮುಂದೆ ಅವಳು ನಿಂತದ್ದು ಅದೇ ಮೊದಲಲ್ಲ.

"ಕೋಲು ಹಿಡ್ಕೊಂಡು ಒಲೆ ಮೂಸೋಕೆ ಇಷ್ಟು ರಗಳೆ! ಎಲ್ಲ ಸರಿಯಾಗಿದೆ ಅಂತ ಹಾಕ್ಕೊಂಡು ಹೋಗಿ. ಕಂಡೋರ ಮನೆ ಬೆಲ್ ಒತ್ತೋದೂ ಒಂದು ಕೆಲಸಾನಾ?"

ಸುನಿಮ್‌ಗೆ ಮೈ ಉರಿದುಹೋಯಿತು. ಬಾಗಿಲು ತೆಗೆಯಲಿಲ್ಲ ಎಂದು ಹಾಕಿದರೆ ಮತ್ತೆ ಹತ್ತಬೇಕು, ಮತ್ತೆ ಬೈಸಿಕೊಳ್ಳಬೇಕು. ಹಾಳಾಗಿ ಹೋಗಲಿ ಎಂದು ಮೊಬೈಲಿನಲ್ಲಿ 'ತಪಾಸಣೆ ಆಗಿದೆ' ಒತ್ತಿ, ನೋಯುವ ಮೊಣಕಾಲು ಹಿಡಿದುಕೊಂಡು ಇಳಿದಳು.

ಆ ಭಾನುವಾರ ಮಗಳು ಹೇರಿನ್‌ಳ ಮದುವೆ ಮಾತುಕತೆ. ಎರಡೂ ಮನೆಯವರು ಮೊದಲ ಬಾರಿ ಹೋಟೆಲಿನಲ್ಲಿ ಸೇರುವುದಿತ್ತು. "ನೀನು ಗ್ಯಾಸ್ ಕಂಪನಿ ಆಫೀಸಲ್ಲಿದ್ದೀಯ ಅಂತ ಹೇಳಿದೀನಿ. ಹಾಗೇ ಇರ್ಲಮ್ಮಾ," ಎಂದು ಹೇರಿನ್ ಬಸ್ಸಿನಲ್ಲೇ ಪಾಠ ಹೇಳಿಕೊಟ್ಟಿದ್ದಳು. ಆದರೆ ಹುಡುಗ ಗ್ಯುಹೋನ ತಾಯಿ ಬಾಯಿ ತೆರೆದದ್ದೇ ತಡ, ಸುನಿಮ್‌ಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಬಾಗಿಲ ಹಿಂದಿನ ದನಿ!

"ಈ ಮನೆಗೆ ಬಂದು ಜಾಸ್ತಿ ದಿನ ಆಗಿಲ್ಲ ಬೀಗರೇ. ಕಿಮ್ಚಿ ಹಾಕೋ ದಿನಾನೇ ನಿಮ್ಮ ಕಂಪನಿಯವಳೊಬ್ಬಳು ಬಂದು ಪ್ರಾಣ ತಿಂದ್ಳು. ನೀವು ದೊಡ್ಡೋರು, ಸ್ವಲ್ಪ ಹೇಳಿ ಅವರಿಗೆ," ಎಂದು ಆಕೆ ನಕ್ಕಳು. ಸುನಿಮ್‌ಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮಾತು ಬದಲಿಸಲು, "ನಿಮ್ಮ ಅತ್ತೆಯವರು ಬರಲಿಲ್ವಾ?" ಎಂದಳು.

"ಈಚೆಗೆ ಬೆಳಗೆದ್ರೆ ತಲೆನೋವು, ವಾಂತಿ. ವಯಸ್ಸಾಯ್ತಲ್ಲ. ಬೆಚ್ಚಗಿರ್ಲಿ ಅಂತ ಬಾಯ್ಲರ್ ಜೋರು ಮಾಡಿ ಮಲಗಿಸಿ ಬಂದೆ. ಅದು ಅವರ ಕೋಣೆಗೆ ಅಂಟಿಕೊಂಡೇ ಇದೆ."

ಸುನಿಮ್ ಎದ್ದು ನಿಂತಳು. "ಈಗಲೇ ಫೋನ್ ಮಾಡಿ. ಕಿಟಕಿ ತೆಗೆದು, ಮನೆಯಿಂದ ಆಚೆ ಬರೋಕೆ ಹೇಳಿ. ಬಾಯ್ಲರಿನ ಕೊಳವೆ ಕಳಚಿದ್ರೆ ಹೊಗೆಯ ವಿಷಗಾಳಿಯೆಲ್ಲ ಒಳಗೇ ತುಂಬುತ್ತೆ, ತಲೆನೋವು ವಾಂತಿ ಅದರಿಂದಲೇ. ವಾಸನೇನೂ ಬರಲ್ಲ."

"ಅಯ್ಯೋ, ಏನೂ ಇಲ್ಲ ಬಿಡಿ. ತಪಾಸಣೆ ಆಗಿದೆ ಅಂತ ಮೆಸೇಜ್ ಬಂದಿದ್ಯಲ್ಲ."

ಮೇಜಿನ ಕೆಳಗೆ ಹೇರಿನ್ ಅಮ್ಮನ ಅಂಗಿಯ ತುದಿ ಹಿಡಿದು ಜಗ್ಗಿದಳು. "ಆಗಿಲ್ಲ," ಎಂದಳು ಸುನಿಮ್. "ಅವತ್ತು ಬಾಗಿಲಾಚೆ ನಿಂತಿದ್ದವಳು ನಾನೇ. ನೋಡದೇ ನೋಡಿದೆ ಅಂತ ಹಾಕಿದ್ದೂ ನಾನೇ."

ಗ್ಯುಹೋ ಫೋನ್ ಹಚ್ಚಿದ. ಗಂಟೆ ಬಾರಿಸುತ್ತಲೇ ಇತ್ತು. ನಿಂತಿತು. ಮತ್ತೆ ಹಚ್ಚಿದ. ಕಡೆಗೊಮ್ಮೆ ಅಜ್ಜಿಯ ತೊದಲು ದನಿ ಕೇಳಿತು. ಅವನು ಗದರಿಸಿ, ಬೇಡಿಕೊಂಡು, ಆಕೆಯನ್ನು ಬಾಗಿಲವರೆಗೆ ನಡೆಸಿದ. "ಮೆಟ್ಟಿಲ ಮೇಲೆ ಕೂತಿದೀನಿ ಕಣೋ, ಚಳಿ," ಎಂದಳು ಅಜ್ಜಿ. ಅವನು ಆಂಬುಲೆನ್ಸಿಗೆ ಹೇಳುತ್ತಲೇ ಹೊರಗೆ ಓಡಿದ.

ಹೇರಿನ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಇಬ್ಬರು ತಾಯಂದಿರೂ ಹೊಸ್ತಿಲಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಒಳಬರುವಾಗ ಕಳಚಿಟ್ಟಿದ್ದ ಶೂಗಳನ್ನು ಅವಸರವಾಗಿ ಹಾಕಿಕೊಂಡರು. ಬೈಗುಳಕ್ಕೆ ಸುನಿಮ್ ಸಿದ್ಧಳಾಗಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಬಾಗಿಲು ತೆಗೀದೆ ಇದ್ದಿದ್ದು ನಾನು," ಎಂದಳು ಗ್ಯುಹೋನ ತಾಯಿ. ಆಮೇಲೆ, ತೀರ ಮೆಲ್ಲಗೆ, "ಬೀಗರೇ, ಹಾಗೆ ಹಾಕಿದ್ದು ನಮ್ಮದೊಂದೇ ಮನೆ ತಾನೇ?"

ಸುನಿಮ್ ಎದ್ದು ಹೋಟೆಲಿನ ಬಾಗಿಲು ತೆರೆದಳು. ಎದುರಿಗೇ ಗುಡ್ಡ. ಒಂದರ ಹೆಗಲ ಮೇಲೊಂದು ಕೂತ ಮನೆಗಳು. ಬಹಳಷ್ಟು ಗೋಡೆಗಳ ಕೊಳವೆಯಿಂದ ಬಿಳಿ ಹೊಗೆ ಏಳುತ್ತಿತ್ತು. ಕೆಲವು ಗೋಡೆಗಳಿಂದ ಏಳುತ್ತಿರಲಿಲ್ಲ; ತಾನು ನೋಡದೇ ಒತ್ತಿದ ಮನೆಗಳನ್ನು ಸುನಿಮ್ ಅವುಗಳಲ್ಲೇ ಹುಡುಕಿದಳು.